ಎದುರುಗಾಳಿಯಲ್ಲಿ ಒಂದು ಬೆಲ್

ನಮ್ಮ ಚಿಕ್ಕಪ್ಪ ಬಸ್ ಡ್ರೈವರ್, ಚಿಕ್ಕಮ್ಮ ಅದೇ ಬಸ್ಸಿನ ಕಂಡಕ್ಟರ್. ಅವಳು ಒಂದು ಬೆಲ್ ಹೊಡೆದರೆ ನಿಲ್ಲಿಸಬೇಕು, ಎರಡು ಹೊಡೆದರೆ ಹೊರಡಬೇಕು. ಸಂಸಾರವೂ ಹೆಚ್ಚುಕಮ್ಮಿ ಹಾಗೇ ನಡೆಯಿತು. ಚಿಕ್ಕಮ್ಮನಿಗೆ ತಾಳ್ಮೆ ಕಡಿಮೆ. ಹತ್ತುವವರ ಕಾಲು ಮೆಟ್ಟಿಲ ಮೇಲಿರುವಾಗಲೇ ಎರಡು ಬೆಲ್ ಹೊಡೆಯುತ್ತಿದ್ದಳು. “ತಡಿಯೇ, ಗೇರ್ ಬೀಳ್ಲಿ!” ಎಂದು ಚಿಕ್ಕಪ್ಪ ಮುಂದಿನಿಂದ ಕೂಗುತ್ತಿದ್ದರು.

ನಿವೃತ್ತಿಯಾದ ಮೇಲೆ ಚಿಕ್ಕಪ್ಪ ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡರು. ಊಟದ ತಟ್ಟೆಯೂ ಅಲ್ಲಿಗೇ ಬರಬೇಕು. ಏಳಿ ಎಂದರೆ, “ಎದ್ದು ಎಲ್ಲಿಗೆ ಹೋಗೋದಿದೆ?” ಎನ್ನುವುದೊಂದೇ ಮಾತು. ಗೋಗರೆದು ಸಾಕಾಗಿ ಚಿಕ್ಕಮ್ಮ ಎರಡು ಹಳೇ ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿದಳು. ಮಗಳ ಊರಿಗೆ ಹೋಗೋಣ, ಮೂರು ದಿನದ ದಾರಿ ಎಂದಳು. ಅವರು ಹೂಂ ಅಂದದ್ದೇ ದೊಡ್ಡದು.

ಮೂರನೆಯ ದಿನ ಬಯಲು ಶುರುವಾಯಿತು, ಜೊತೆಗೆ ಎದುರುಗಾಳಿ. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು. ಬಾಯೆಲ್ಲ ಧೂಳು, ತೊಡೆಯಲ್ಲಿ ಉರಿ. ಮಗಳ ಊರಿನ ನೀರಿನ ಟ್ಯಾಂಕು ಆಗಲೇ ಕಾಣುತ್ತಿತ್ತು, ಆದರೆ ಎಷ್ಟು ತುಳಿದರೂ ಹತ್ತಿರ ಬರಲೊಲ್ಲದು. ರೂಢಿಯಂತೆ ಚಿಕ್ಕಪ್ಪ ಮುಂದೆ, ಚಿಕ್ಕಮ್ಮ ಹಿಂದೆ. ಇವಳಿಗೆ ಜೀವ ಬಾಯಿಗೆ ಬಂದಿತ್ತು. ಅವರಿಗೆ ಹುರುಪು ಬಂದಿದೆ, ನಾನೇಕೆ ಕೆಡಿಸಲಿ ಎಂದು ಹಲ್ಲು ಕಚ್ಚಿಕೊಂಡಳು.

ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ಇವರ ಗುರುತು ಹಿಡಿದು ನಿಧಾನ ಮಾಡಿದ. “ಹತ್ತಿ ಅಣ್ಣಾ, ಸೈಕಲ್ ಮೇಲ್ಗಡೆ ಹಾಕೋಣ.” ಚಿಕ್ಕಪ್ಪ ಬೇಡವೆಂದು ಕೈಯಾಡಿಸಿದರು. ಚಿಕ್ಕಮ್ಮನಿಗೆ ಹತ್ತಿಬಿಡುವ ಆಸೆ. ಆದರೆ ಇಲ್ಲಿ ಸೋತರೆ ಇವರಿಗೆ ಮತ್ತೆ ಆ ಕುರ್ಚಿಯೇ ಗತಿ, ಆಮೇಲೆ ಯಾರು ಎಬ್ಬಿಸಿದರೂ ಏಳುವುದಿಲ್ಲ ಎಂಬ ಭಯ. ಬಸ್ಸು ಹೋಯಿತು.

ಸ್ವಲ್ಪ ದೂರದಲ್ಲೇ ಚಿಕ್ಕಪ್ಪನ ಸೈಕಲ್ ಓಲಾಡಿ ರಸ್ತೆ ಬದಿಗೆ ಇಳಿಯಿತು. ಅವರು ಮಣ್ಣಿನ ಮೇಲೆ ಅಂಗಾತ ಮಲಗಿಬಿಟ್ಟರು. ತುಟಿ ಬಿಳಿಚಿಕೊಂಡಿತ್ತು.

“ಇಷ್ಟು ಸುಸ್ತಾಗಿದ್ರೆ ನಿಲ್ಸೋಕೇನ್ರೀ ಧಾಡಿ?”

“ನೀನು ಬೆಲ್ ಹೊಡೀಲಿಲ್ಲ.”

ನಗಬೇಕೋ ಅಳಬೇಕೋ ತಿಳಿಯದೆ ಚಿಕ್ಕಮ್ಮ ಅತ್ತಳು. ಸರ್ವಿಸ್ ಪೂರ್ತಿ ಈ ಮನುಷ್ಯ ತನಗೋಸ್ಕರ ಒಮ್ಮೆಯೂ ಬಸ್ ನಿಲ್ಲಿಸಿದವರಲ್ಲ. ನನ್ನನ್ನು ಕೇಳಿದರೆ ಇಬ್ಬರೂ ಒಂದೇ ಅಳತೆಯ ಹಟಮಾರಿಗಳು. ನೀರು ಕುಡಿಸಿ, ಸೆರಗಿನಿಂದ ಮುಖ ಒರೆಸಿ, ಅವರು ಎದ್ದು ಕೂತ ಮೇಲೆ ಅವಳು ಹೇಳಿದಳು: “ಇನ್ಮೇಲೆ ನಾನು ಮುಂದೆ. ಬೆಲ್ ನಿಮ್ದು.”

ಮುಂದೆ ಹೋದಾಗಲೇ ಗಾಳಿ ಪೂರ್ತಿ ಎದೆಗೆ ಬಡಿದದ್ದು. ಬೆಳಗಿನಿಂದ ಇದನ್ನೆಲ್ಲ ಅವರೊಬ್ಬರೇ ತಡೆದಿದ್ದರು ಎಂದು ಅವಳಿಗೆ ಆಗ ತಿಳಿಯಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಬೆಲ್. ಬ್ರೇಕ್ ಹಿಡಿದು ತಿರುಗಿದಳು.

“ಏನಾಯ್ತು?”

“ಏನಿಲ್ಲ. ಸಾಕಾಯ್ತು ಕಣೇ.”

ಈ ಮಾತನ್ನು ಅವರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಇಬ್ಬರೂ ಕೂತರು. ಅಲ್ಲಿಂದ ಹಾಗೇ, ತುಳಿಯುವುದು, ಒಂದು ಬೆಲ್, ಕೂರುವುದು. ಟ್ಯಾಂಕು ತುಸು ದೊಡ್ಡದಾಯಿತು. ಬಿಸಿಲಿಳಿಯುವ ಹೊತ್ತಿಗೆ ಚಿಕ್ಕಮ್ಮ ಒಂದು ಮರಕ್ಕೊರಗಿ, ಕಾಲು ಚಾಚಿ, ಕಣ್ಣು ಮುಚ್ಚಿದ್ದಳು. ಇನ್ನು ತನ್ನಿಂದ ಆಗದು ಅನ್ನಿಸಿತ್ತು.

ಎರಡು ಬೆಲ್ ಕೇಳಿಸಿತು.

ಕಣ್ಣು ಬಿಟ್ಟರೆ ಚಿಕ್ಕಪ್ಪ ಆಗಲೇ ಸೀಟಿನ ಮೇಲೆ, ಒಂದು ಕಾಲು ಪೆಡಲಿನ ಮೇಲೆ. ಅವಳು ಮಂಡಿ ಹಿಡಿದುಕೊಂಡು, ನರಳುತ್ತ, ಗೇರೇ ಇಲ್ಲದ ತನ್ನ ಸೈಕಲ್ ಎತ್ತಿದಳು.

“ತಡೀರಿ, ಗೇರ್ ಬೀಳ್ಲಿ!”