ಕಾರ್ಯಕ್ರಮ ಪಟ್ಟಿಗೆ ನಾನು ಸೇರಿಸಿದ ಹೆಸರು

ಅದು 2015ನೆಯ ಇಸವಿ. ನನಗಾಗ ನಲವತ್ತೇಳು ವರ್ಷ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಬಳಿಯಿದ್ದ ಭಾರತೀಯ ಶಾಲೆಯೊಂದರಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದೆ. ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆಯೂ ನನ್ನದೇ ಆಗಿತ್ತು; ದುಡಿದವರ ಹೆಸರು ಅದರಲ್ಲಿ ಬಿಟ್ಟುಹೋಗಬಾರದೆಂಬುದು ನನ್ನ ನಿಯಮ.

ಆ ಫೆಬ್ರುವರಿಯಲ್ಲಿ ಎಂಟನೆಯ ತರಗತಿಯ ಹುಡುಗಿಯರು ಹಿಪ್ ಹಾಪ್ ನೃತ್ಯವೇ ಬೇಕೆಂದು ಹಟ ಹಿಡಿದರು. ಅವರಿಗೆ ಹೆಜ್ಜೆ ಕಲಿಸಿದಾಕೆ ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುತ್ತಿದ್ದ ಸಹಾಯಕಿ, ಗುತ್ತಿಗೆ ಕಂಪನಿಯೊಂದು ಕಳಿಸಿದ್ದ ಉಗಾಂಡಾದ ಹೆಣ್ಣುಮಗಳು. ಬಸ್ಸು ಹೊರಡುವ ಮುನ್ನ, ಬಸ್ಸುಗಳ ನೆರಳಿನಲ್ಲೇ ಅಭ್ಯಾಸ ನಡೆಯುತ್ತಿತ್ತು.

ಹೆಸರು ಹಾಕುವೆನೆಂದಾಗ ಆಕೆ, "ಬೇಡ ಸರ್. ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಊರಲ್ಲಿ ಮಕ್ಕಳು ಓದುತ್ತಿದ್ದಾರೆ," ಎಂದಳು. ಅದನ್ನು ಸಂಕೋಚವೆಂದು ತಿಳಿದು ನಾನು ಹೆಸರನ್ನೂ ಹುದ್ದೆಯನ್ನೂ ಅಚ್ಚು ಹಾಕಿಸಿದೆ.

ಉತ್ಸವದ ದಿನ ಆಕೆ ಹನ್ನೆರಡು ಹುಡುಗಿಯರ ತಲೆಗೂ ನೆತ್ತಿಗಂಟಿದ ಸಣ್ಣ ಜಡೆಗಳನ್ನು ಹೆಣೆದಳು. ಆಕೆಯ ಸ್ವಂತ ಜಡೆಗಳು ಮಾತ್ರ, ಗುತ್ತಿಗೆ ಕಂಪನಿಯ ಕಟ್ಟಳೆಯಂತೆ, ಸ್ಕಾರ್ಫಿನೊಳಗಿದ್ದವು. ಸಭಾಂಗಣಕ್ಕೆ ಬರಲು ಆಕೆಗೆ ಅನುಮತಿ ಇರಲಿಲ್ಲ. ಒಳಗೆ ನನ್ನ ಪಕ್ಕದಲ್ಲಿದ್ದ ಬೆಂಗಳೂರಿನ ತಂದೆಯೊಬ್ಬರು ಎದ್ದುನಿಂತು, "ಥೇಟ್ ಅಮೆರಿಕದವ್ರೇ ಸಾರ್!" ಎಂದು ಶಿಳ್ಳೆ ಹೊಡೆದರು.

ಮರುದಿನ ಮಂಗಳೂರು ಕಡೆಯ ತಾಯಿಯೊಬ್ಬರು ಮಗಳೊಂದಿಗೆ, ಪಟ್ಟಿಯನ್ನು ಹಿಡಿದುಕೊಂಡೇ ಬಂದರು.

"ಎಂತ ಸರ್ ಇದು? ಡ್ಯಾನ್ಸ್ ಭಾರೀ ಚಂದ ಇತ್ತು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಆ ಕಪ್ಪು ಹೆಂಗಸಿನ ಕೈಗೆ ನಮ್ಮ ಮಕ್ಕಳ ತಲೆ ಕೊಡುದಾ? ಎರಡೆರಡು ಸಲ ಶಾಂಪೂ ಹಾಕಿ ತಿಕ್ಕಿದ್ದೇನೆ."

"ಮಮ್ಮಾ, ಪ್ಲೀಸ್! ಶಿ ಈಸ್ ಅವರ್ ಟೀಚರ್," ಎಂದಳು ಮಗಳು.

"ಟೀಚರ್ ಅಂತೆ! ನೀನು ಬಾಯಿ ಮುಚ್ಚು."

ಇಂಥ ದೂರುಗಳು ಇನ್ನಷ್ಟು ಬಂದವು. ಮೈಸೂರಿನವರಾದ ನಮ್ಮ ಮೇಲ್ವಿಚಾರಕರು ನನ್ನನ್ನು ಕರೆಸಿದರು.

"ಹೆಸ್ರು ಯಾಕ್ ಹಾಕಿದ್ರಿ ಮೇಷ್ಟ್ರೇ? ಹಾಕ್ದೇ ಇದ್ದಿದ್ರೆ ಯಾರಿಗ್ ಗೊತ್ತಾಗ್ತಿತ್ತು? ಈಗ ಅವ್ಳನ್ನ ವಾಪಸ್ ಕರ್ಕೊಳ್ಳಿ ಅಂತ ಕಂಪ್ನಿಗೆ ನೀವೇ ಒಂದ್ ಪತ್ರ ಬರೀರಿ. ನಿಮ್ ಭಾಷೆ ಚೆನ್ನಾಗಿದೆ."

ನಾನು ಆಕ್ಷೇಪಿಸಿದೆ, ಅನಂತರ ಬರೆದೆ. ನನ್ನ ವೀಸಾವೂ ಶಾಲೆಯ ಕೈಯಲ್ಲೇ ಇತ್ತು. ಆಕೆಯ ತಪ್ಪು ಇಂಥದೆಂದು ಆ ಪತ್ರದಲ್ಲಿ ಎಲ್ಲಿಯೂ ಹೇಳಬೇಕಾಗಿ ಬರಲಿಲ್ಲ; "ಶಾಲೆಗೆ ಇವರ ಸೇವೆಯ ಅಗತ್ಯವಿಲ್ಲ" ಎಂದರೆ ಸಾಕಾಗಿತ್ತು.

ಬಸ್ಸಿನ ಬಾಗಿಲಲ್ಲಿ ಹೊಸ ಸಹಾಯಕಿ ನಿಂತಿದ್ದಳು. ಮೊದಲಿನಾಕೆ ಎಲ್ಲಿ ಎಂದು ಕೇಳಿದ್ದಕ್ಕೆ ಚಾಲಕ, "ಖಲಾಸ್, ಸರ್," ಎಂದಷ್ಟೇ ಹೇಳಿದ. ಹುಡುಗಿಯರು ಅಷ್ಟರಲ್ಲಾಗಲೇ ಅಲ್ ರೀಮ್ ಐಲ್ಯಾಂಡಿನ ನೃತ್ಯ ತರಗತಿಯೊಂದಕ್ಕೆ ಸೇರಿದ್ದರು. ಅಲ್ಲಿ ಕಲಿಸುವವರು ಮುಂಬಯಿಯವರೆಂದು ತಾಯಂದಿರಿಗೆ ಸಮಾಧಾನ.

ಆಕೆಯ ವೀಸಾ ರದ್ದಾದದ್ದು 2015ರ ಮಾರ್ಚ್ 12, ಗುರುವಾರ.