ಯಾವ ಗುಂಪಿಗೂ ಕೂಡದವರು

ನನ್ನ ಸಂಶೋಧನೆಯ ವಿಷಯ ಕೇಳಿದ ದಿನ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನದು ಹಿರೇಕೆರೂರಿನಲ್ಲಿ ಗೋವಿನಜೋಳದ ವ್ಯಾಪಾರ, ಮಾತಿಗೆ ಬರವಿಲ್ಲ.

"ಗುಂಪು ಮಾಡೂದು ಹೆಂಗ ಅಂತ ಪಿಎಚ್‌ಡಿ ಮಾಡ್ತೀಯೇನ? ನಮ್ಮ ಓಣ್ಯಾಗ ಬಂದು ಕುಂದ್ರು ತಂಗಿ, ಪುಗಸಟ್ಟೆ ಕಲಸ್ತಾರ."

ಅತ್ತಿಗೆಯೂ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಆಗಲೇ ನಲವತ್ತು ದಾಟಿತ್ತು. ಶಿಗ್ಗಾಂವದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತ ಸುಮ್ಮನೆ ಇರುವುದು ಬಿಟ್ಟು ಈ ಉಸಾಬರಿ ಯಾಕೆ ಎಂದು ಕೇಳದವರಿಲ್ಲ. ಬೇಡ ಅಂದಷ್ಟೂ ಮಾಡುವವಳು ನಾನು. ಹಟ ಅವ್ವನಿಂದ ಬಂದದ್ದು, ಸಿಟ್ಟು ಅಪ್ಪನಿಂದ. ಎರಡೂ ಕೂಡಿದರೆ ಒಂದು ಪಿಎಚ್‌ಡಿಗೆ ಸಾಕು ಅಂದುಕೊಂಡೆ.

ವಿಷಯ ಅಂಥ ಕಷ್ಟದ್ದೇನಲ್ಲ. ಒಂದು ದೊಡ್ಡ ರಾಶಿಯಲ್ಲಿ ಒಂದನ್ನೊಂದು ಹೋಲುವವುಗಳನ್ನು ಹುಡುಕಿ ಗುಂಪು ಮಾಡಬೇಕು. ಒಂದೇ ಕಂಪ್ಯೂಟರ್ ಮಾಡಿದರೆ ಹೊತ್ತು ಹಿಡಿಯುತ್ತದೆ. ರಾಶಿಯನ್ನು ಪಾಲು ಮಾಡಿ ನಾಲ್ಕು ಕಂಪ್ಯೂಟರಿಗೆ ಹಂಚಿ, ನಾಲ್ಕೂ ಒಟ್ಟಿಗೆ ದುಡಿದು ಕೊನೆಗೆ ಕೂಡಿಸಿದರೆ ಬೇಗ ಮುಗಿಯುತ್ತದೆ. ನನ್ನ ರಾಶಿ ಎಂದರೆ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳ ಕೆಲವು ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳು ಗಣಿತದ ಪರೀಕ್ಷೆಗಳಲ್ಲಿ ಯಾವ ಪ್ರಶ್ನೆಗೆ ಎಷ್ಟು ಅಂಕ ತೆಗೆದುಕೊಂಡರು ಎಂಬುದು. ಮಕ್ಕಳ ಹೆಸರಿಲ್ಲ, ಅಂಕಗಳು ಮಾತ್ರ. ಒಂದೊಂದು ತಾಲೂಕನ್ನು ಒಂದೊಂದು ಕಂಪ್ಯೂಟರಿಗೆ ಕೊಟ್ಟಿದ್ದೆ. ಕಾಲೇಜಿನವರು ಮೂಲೆಗೆ ತಳ್ಳಿದ್ದ ಹಳೆಯ ನಾಲ್ಕು ಪೆಟ್ಟಿಗೆಗಳವು. ಲ್ಯಾಬಿನ ಅಟೆಂಡರ್ ಅವುಗಳ ಮೇಲೆ ತಾಲೂಕಿನ ಹೆಸರು ಅಂಟಿಸಿ, ಅವನ್ನು ಹಾಗೆಯೇ ಕರೆಯುತ್ತಿದ್ದ.

"ಮೇಡಂ, ಹಾನಗಲ್ಲ ಮುಗೀತ್ರಿ. ಹಿರೇಕೆರೂರೂ ಮುಗೀತು. ಸವಣೂರು ಇನ್ನೂ ಮಕ್ಕೊಂಡೈತ್ರಿ."

ಪ್ರತಿ ಸಲವೂ ಅದೇ ಹಾಡು. ಮೂರು ಮುಗಿಸಿ ಕೈಕಟ್ಟಿ ಕೂತಿರುತ್ತಿದ್ದವು. ಸವಣೂರು ಮುಗಿಯದೆ ಕೂಡಿಸುವ ಕೆಲಸ ಶುರುವಾಗುತ್ತಿರಲಿಲ್ಲ. ಮೂರರ ದುಡಿಮೆಯೂ ಒಂದರ ಕಾಲಿಗೆ ಕಟ್ಟಿಹಾಕಿದಂತಾಯಿತು. ಅಟೆಂಡರ್ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕೋಣ ಎಂದ. ನನ್ನ ಮಾರ್ಗದರ್ಶಕರು ಫೋನಿನಲ್ಲಿ, "ಅದೊಂದನ್ನ ಬಿಟ್ಟುಬಿಡ್ರಿ. ಮೂರರ ಮ್ಯಾಲೆ ಬರೀರಿ, ಲಗೂನ ಮುಗೀತದ" ಎಂದರು. ಬಿಟ್ಟುಬಿಡುವುದೆಂದರೆ ಸವಣೂರಿನ ಅಷ್ಟೂ ಮಕ್ಕಳನ್ನು ಬಿಟ್ಟುಬಿಡುವುದು. ನನಗೆ ಮೂಗಿನ ತುದಿಗೆ ಸಿಟ್ಟು ಬಂತು, ಆದರೆ ಮಾರ್ಗದರ್ಶಕರಾದ್ದರಿಂದ "ನೋಡ್ತೇನ್ರಿ ಸರ್" ಎಂದಷ್ಟೇ ಹೇಳಿದೆ.

ನೋಡಿದೆ. ಪಾಲು ಅದಲುಬದಲು ಮಾಡಿದೆ. ಸವಣೂರಿನ ಪಾಲನ್ನು ಶಿಗ್ಗಾಂವದ ಪೆಟ್ಟಿಗೆಗೆ, ಶಿಗ್ಗಾಂವದ್ದನ್ನು ಸವಣೂರಿನದಕ್ಕೆ ಹಾಕಿದೆ. ಮಲಗಿದೆ ಎಂದು ಬೈಸಿಕೊಂಡಿದ್ದ ಪೆಟ್ಟಿಗೆ ಮೊದಲು ಮುಗಿಸಿತು. ಚುರುಕು ಅನ್ನಿಸಿಕೊಂಡಿದ್ದ ಶಿಗ್ಗಾಂವ ನಿಂತೇಬಿಟ್ಟಿತು. ಅಟೆಂಡರ್ ಎರಡು ಪೆಟ್ಟಿಗೆಗಳನ್ನೂ ತಿರುಗಾಮುರುಗಾ ನೋಡಿದ. ತೊಂದರೆ ಪೆಟ್ಟಿಗೆಯದಲ್ಲ, ಪಾಲಿನದು ಎಂದು ಅವನಿಗೂ ನನಗೂ ಒಟ್ಟಿಗೆ ಹೊಳೆಯಿತು.

ಬಗೆದು ನೋಡಿದರೆ ಆ ಪಾಲಿನಲ್ಲಿ ಒಂದು ಶಾಲೆಯ ಮಕ್ಕಳು ಯಾವ ಗುಂಪಿಗೂ ಕೂಡುತ್ತಿರಲಿಲ್ಲ. ಕಠಿಣ ಲೆಕ್ಕಕ್ಕೆ ಪೂರ್ತಿ ಅಂಕ, ಅದರ ಕೆಳಗಿನ ಸುಲಭದ್ದಕ್ಕೆ ಸೊನ್ನೆ. ಜಾಣರ ಗುಂಪಿಗೆ ಹಾಕಿದರೆ ಸೊನ್ನೆಗಳು ಹೊರಗೆಳೆಯುತ್ತಿದ್ದವು, ಹಿಂದುಳಿದವರ ಗುಂಪಿಗೆ ಹಾಕಿದರೆ ಪೂರ್ತಿ ಅಂಕಗಳು. ಅತ್ತಿಂದಿತ್ತ ಓಡಾಡುವ ಈ ಮಕ್ಕಳು ಒಂದು ಕಡೆ ನಿಲ್ಲುವತನಕ ಕೆಲಸ ಮುಗಿಯುವಂತಿರಲಿಲ್ಲ. ಯಾರಿವರು ಎಂದು ಕಣ್ಣಾರೆ ನೋಡಬೇಕೆನ್ನಿಸಿತು. ಸವಣೂರಿನ ಬಸ್ಸು ಹತ್ತಿದೆ.

ಆ ಹೈಸ್ಕೂಲಿನ ಹೆಡ್‌ಮಾಸ್ತರು ಒಳ್ಳೆಯ ಮನುಷ್ಯರು. ಚಹಾ ತರಿಸಿದರು, ಚುರುಮರಿ ತರಿಸಿದರು, ಆಮೇಲೆ ಮಾತಿಗಿಳಿದರು.

"ನಮ್ಮಲ್ಲಿ ಎರಡ ಸೆಕ್ಷನ್ ಅದಾವ್ರಿ. ಎ ಅಂದ್ರ ಓದೋರು. ಬಿ ಅಂದ್ರ..." ಎಂದು ಕೈ ಗಾಳಿಯಲ್ಲಿ ತಿರುಗಿಸಿದರು. "ಗಣಿತಕ್ಕ ಇರಾಂವ ಒಬ್ಬ ಮಾಸ್ತರ, ಅಂವ ಎ ಸೆಕ್ಷನ್ ನೋಡ್ತಾನ. ಬಿ ಸೆಕ್ಷನ್ನಿಗೆ ಒಬ್ರು ಅತಿಥಿ ಶಿಕ್ಷಕ್ರು ಬರ್ತಿದ್ರು, ಬಿಟ್ಟು ಹ್ವಾದ್ರು."

ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ಮೇಡಂ, ನೀವು ಬಂದದ್ದು ಭಾಳ ಛಲೋ ಆತು. ಹತ್ತನೇತ್ತಾ ಪರೀಕ್ಷೆದಾಗ ಯಾರ್ ಯಾರು ಫೇಲ್ ಆಗೋರು ಅದಾರ, ನಿಮ್ಮ ಕಂಪ್ಯೂಟರ್ ಗುಂಪು ಮಾಡಿ ಕೊಟ್ಟುಬಿಡ್ಲಿ. ಒಂಬತ್ತನೇತ್ತಾ ಮುಗಿದ ಕೂಡ್ಲೆ ಅವ್ರ ಅಪ್ಪಂದ್ರನ್ನ ಕರದು ಟಿಸಿ ಕೊಟ್ಟು ಕಳಸ್ತೇನಿ. ಸಾಲಿ ರಿಜಲ್ಟ್ ಉಳೀತೈತಿ. ನಾ ಹೇಳಿದ್ರ ಜಗಳಕ್ಕ ಬರ್ತಾರ. ಕಂಪ್ಯೂಟರ್ ಹೇಳಿದ್ರ ಯಾರು ಬರ್ತಾರ್ರಿ?"

ಚುರುಮರಿಯ ತಾಟು ಪಕ್ಕಕ್ಕೆ ಸರಿಸಿದೆ. ನಾನು ಇಷ್ಟು ದಿನ ಕಣ್ಣು ಕೆಂಪಾಗಿಸಿಕೊಂಡು ಮಾಡಿದ ಕೆಲಸ ಮಕ್ಕಳನ್ನು ಶಾಲೆಯಿಂದ ಹೊರಹಾಕುವುದಕ್ಕೆ ಬೇಕಂತೆ! ಅವರಿಗೆ ಉತ್ತರ ಕೊಡದೆ, ಮೊದಲು ಬಿ ಸೆಕ್ಷನ್ ತೋರಿಸಿರಿ ಎಂದೆ.

ಕರಿಹಲಗೆಯ ಮೇಲೆ ಅವರದೇ ಪಠ್ಯದ ಒಂದು ಲೆಕ್ಕ ಬರೆದೆ. ಒಬ್ಬ ರೈತ ತನ್ನ ಆಯತಾಕಾರದ ಜಮೀನಿನ ಸುತ್ತ ಬೇಲಿ ಹಾಕಿಸುತ್ತಾನೆ, ಉದ್ದಗಲ ಇಷ್ಟಿಷ್ಟು, ಎಷ್ಟು ತಂತಿ ಬೇಕು. ಎರಡನೇ ಸಾಲಿನ ಒಬ್ಬ ಹುಡುಗಿ ಪೆನ್ನಿನ ಮುಚ್ಚಳ ತೆಗೆದು, ಹಲಗೆ ನೋಡಿ, ಮತ್ತೆ ಮುಚ್ಚಿದಳು. ನಾನು ಸುಮ್ಮನೆ ಲೆಕ್ಕದ ಪಕ್ಕದಲ್ಲಿ ಜಮೀನಿನ ಚಿತ್ರ ಬಿಡಿಸಿದೆ.

"ಹಂಗಂದ್ರ ಮುಸ್ತತೀಲ್ ಏನ್ರೀ?" ಎಂದಳು ಅವಳು. ನಾನು ಹೂಂ ಅನ್ನುವುದರೊಳಗೆ ಉತ್ತರ ಹೇಳಿ ಮುಗಿಸಿದ್ದಳು.

ಅವಳ ಅಪ್ಪನದು ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ. ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು, ಆಯತವನ್ನು ಮುಸ್ತತೀಲ್ ಎಂದು ಕಲಿತವಳು. ಬಿ ಸೆಕ್ಷನ್ನಿನಲ್ಲಿ ಅಂಥವರು ಬಹಳ ಮಂದಿಯಿದ್ದರು. ಬರೀ ಅಂಕಿಗಳಿದ್ದರೆ ಎಷ್ಟು ಕಠಿಣವಾದರೂ ಮಾಡುತ್ತಿದ್ದರು, ಕನ್ನಡದ ವಾಕ್ಯದಲ್ಲಿ ಕೇಳಿದರೆ ಸುಲಭದ್ದಕ್ಕೂ ಸೊನ್ನೆ. ಉಳಿದವರು ಕನ್ನಡ ಪ್ರಶ್ನೆಯನ್ನು ಗಡಗಡ ಓದುತ್ತಿದ್ದರು, ಲೆಕ್ಕ ಮಾತ್ರ ಮಾಡಲಾರರು. ಎರಡೂ ಬಗೆಯ ಮಕ್ಕಳಿಗೆ ಒಂದೇ ಹಣೆಪಟ್ಟಿ. ನನ್ನ ಪ್ರೋಗ್ರಾಮು ಯಾಕೆ ನಿಂತಿತ್ತೆಂದು ಆ ಕೋಣೆಯಲ್ಲಿ ತಿಳಿಯಿತು.

ತಿರುಗಿ ಹೆಡ್‌ಮಾಸ್ತರ ಕೋಣೆಗೆ ಹೋದೆ. "ನಾ ಗುಂಪು ಕೊಡಂಗಿಲ್ರಿ" ಎಂದೆ. "ಶನಿವಾರ ಕೊಡ್ತೇನಿ. ವಾರ್ಷಿಕ ಪರೀಕ್ಷೆತನಕ ಪ್ರತಿ ಶನಿವಾರ ಮುಂಜಾನೆ ಬಂದು ಬಿ ಸೆಕ್ಷನ್ನಿಗೆ ಗಣಿತ ಹೇಳಿಕೊಡ್ತೇನಿ. ಅಲ್ಲೀತನಕ ಯಾರಿಗೂ ಟಿಸಿ ಮಾತು ಬ್ಯಾಡ."

ಪುಕ್ಕಟೆ ಗಣಿತದ ಮೇಡಂ ಸಿಕ್ಕರೆ ಯಾರು ಒಲ್ಲೆ ಅನ್ನುತ್ತಾರೆ? ಅವರು ಒಪ್ಪಿದರು.

ಹೋಲುವವರನ್ನು ಕೂಡಿಸುವುದು ನನ್ನ ಸಂಶೋಧನೆ. ಬಿ ಸೆಕ್ಷನ್ನಿನಲ್ಲಿ ನಾನು ಹೋಲದವರನ್ನೇ ಕೂಡಿಸಿದೆ. ಓದಲು ಬರುವವರ ಪಕ್ಕದಲ್ಲಿ ಲೆಕ್ಕ ಬರುವವರು. ಪ್ರಶ್ನೆಯನ್ನು ಒಬ್ಬರು ಬಿಡಿಸಿ ಹೇಳಬೇಕು, ಇನ್ನೊಬ್ಬರು ಮಾಡಿ ತೋರಿಸಬೇಕು, ಆಮೇಲೆ ಅದಲುಬದಲು. ಕೇಳಲು ಚಂದ. ಮೊದಲ ಶನಿವಾರಗಳು ಶುದ್ಧ ಸಂತೆ. ಒಬ್ಬನಿಗೆ ಇನ್ನೊಬ್ಬಳ ಪಕ್ಕ ಕೂರಲು ನಾಚಿಕೆ, ಇನ್ನೊಬ್ಬಳಿಗೆ ತನಗೆ ಓದಲು ಬರುವುದಿಲ್ಲವೆಂದು ತೋರಿಸಿಕೊಳ್ಳಲು ಅವಮಾನ. ನಾನು ಗಂಟಲು ಹರಿಯುವಂತೆ ಕೂಗಿ, ಮಧ್ಯಾಹ್ನ ಬಸ್ಸಿನಲ್ಲಿ ಮಾತಿಲ್ಲದೆ ಕೂತು ಬರುತ್ತಿದ್ದೆ. ಮುಂದಿನ ಶನಿವಾರ ಮತ್ತೆ ಹೋಗುತ್ತಿದ್ದೆ. ಬಿಡುವ ವಿಚಾರ ಒಂದು ದಿನವೂ ಬರಲಿಲ್ಲ. ಎಲೆಯ ವ್ಯಾಪಾರಿಯ ಮಗಳು ಮಾತ್ರ ಮೊದಲ ದಿನದಿಂದಲೂ ಕಷ್ಟದ ವಾಕ್ಯಗಳನ್ನೇ ಹುಡುಕಿ ಹುಡುಕಿ ಎದುರು ಇಟ್ಟುಕೊಳ್ಳುತ್ತಿದ್ದಳು.

ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹೆಡ್‌ಮಾಸ್ತರು ಕರೆಸಿದರು. ಬಾಗಿಲ ಹೊರಗೆ ಆ ಹುಡುಗಿ, ಅವಳ ಅಪ್ಪ ನಿಂತಿದ್ದರು.

"ಬಿ ಸೆಕ್ಷನ್ನಿನಾಗ ಭಾಳ ಮಂದಿ ಪಾಸ್ ಆಗ್ಯಾರ, ಒಪ್ಕೋತೇನಿ" ಎಂದರು ಹೆಡ್‌ಮಾಸ್ತರು. "ಆದ್ರ ನಿಮ್ಮ ಹುಡುಗಿ ಆಗಿಲ್ರಿ. ನೋಡ್ರಿ ಇಲ್ಲಿ."

ಉತ್ತರಪತ್ರಿಕೆ ನೋಡಿದೆ. ವಾಕ್ಯದ ಲೆಕ್ಕ ಒಂದನ್ನೂ ಬಿಟ್ಟಿರಲಿಲ್ಲ. ಓದಿ, ಹೊಡೆದುಹಾಕಿ, ಮತ್ತೆ ಓದಿ, ಚಿತ್ರ ಬಿಡಿಸಿ ಮಾಡಿದ್ದಳು. ಅದರಲ್ಲೇ ಹೊತ್ತು ಮುಗಿದು, ಕಣ್ಣುಮುಚ್ಚಿ ಮಾಡಬಹುದಾಗಿದ್ದ ಬರೀ ಅಂಕಿಗಳ ಲೆಕ್ಕಗಳೆಲ್ಲ ಖಾಲಿ ಉಳಿದಿದ್ದವು.

"ಬರೂ ಲೆಕ್ಕಾ ಬಿಟ್ಟಾಳ, ಬರಲಾರದ್ದ ಮಾಡ್ಯಾಳ! ಇಂಥವ್ರನ್ನ ಹತ್ತನೇತ್ತಾಕ ಹೆಂಗ ಕುಂಡ್ರಸ್ಲಿರಿ? ಅವಳ ಅಪ್ಪ ಒಪ್ಯಾನ. ಹಿಂಗ ಉಳದವ್ರು ಇನ್ನೂ ನಾಕೈದು ಮಂದಿ ಅದಾರ, ಎಲ್ಲಾರಿಗೂ ಇವತ್ತ ಟಿಸಿ ಬರೀತೇನಿ."

ನನಗೆ ಅಳು ಬಂತು, ಅದರ ಬೆನ್ನಿಗೇ ಹೆಮ್ಮೆಯೂ ಬಂತು. ಕುರ್ಚಿ ಎಳೆದುಕೊಂಡು ಅವರ ಮೇಜಿಗೆ ಒತ್ತಿ ಕೂತೆ. "ಅದು ಕಪಾಟಿಗೆ ಹೋಗೂತನಕ ನಾ ಏಳಂಗಿಲ್ರಿ" ಎಂದು ಟಿಸಿ ಪುಸ್ತಕ ತೋರಿಸಿದೆ. ಅವರು ರಿಜಲ್ಟ್ ಅಂದರು, ಮೇಲಿನವರ ನೋಟಿಸ್ ಅಂದರು, ಊರಿನವರ ಬಾಯಿ ಅಂದರು. ಎಲ್ಲವೂ ಸುಳ್ಳಲ್ಲ. ಆದರೆ ನಾನು ಏಳಲಿಲ್ಲ. ಕೊನೆಗೆ ಅಪ್ಪ-ಮಗಳನ್ನೇ ಒಳಗೆ ಕರೆದರು.

"ಹೆಡ್‌ಮಾಸ್ತರು ವಿಚಾರ ಮಾಡೇ ಹೇಳಿರ್ತಾರ್ರಿ ಮೇಡಂ" ಎಂದ ಅಪ್ಪ, ನೆಲ ನೋಡುತ್ತ. ಮಗಳು ನೆಲ ನೋಡಲಿಲ್ಲ, ನನ್ನನ್ನು ನೋಡಿದಳು.

"ಮೇಡಂ, ನಿಮ್ಮ ಕಂಪ್ಯೂಟರ್‌ನಾಗ ನಾ ಯಾವ ಗುಂಪಿನ್ಯಾಗ ಅದೇನ್ರಿ?"

ಹೆಡ್‌ಮಾಸ್ತರೂ ಕಿವಿ ನಿಮಿರಿಸಿದರು. ನಾನು ಇದ್ದದ್ದು ಹೇಳಿದೆ. "ಅದರಾಗ ಹೆಸರಿಲ್ಲವ್ವಾ. ಆದ್ರ ನಿನ್ನಂಥವ್ರನ್ನ ಯಾವ ಗುಂಪಿಗೆ ಹಾಕಬೇಕು ಅಂತ ತಿಳೀದ ಕಂಪ್ಯೂಟರ್ ನಿಂತುಬಿಟ್ಟಿತ್ತು. ಭಾಳ ಹೊತ್ತು."

ಅವಳು ಸ್ವಲ್ಪ ಯೋಚಿಸಿದಳು. ಚುಚ್ಚಬೇಕೆಂದು ಹೇಳಿದ್ದಲ್ಲ, ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹೌದ್ರೀ? ನಮ್ಮ ಸಾಲ್ಯಾಗ ಸೇರಿದ ದಿವಸನ ಹಾಕಿದ್ರಲ್ರಿ."

ಹೆಡ್‌ಮಾಸ್ತರ ಮುಖ ಕೆಂಪಾಯಿತು. "ಅದ ದಿವಸ ಅಲ್ಲವ್ವಾ" ಎಂದರು, "ಎರಡ ದಿವಸ ವಿಚಾರ ಮಾಡೇನಿ." ತಮ್ಮ ಮಾತು ತಮಗೇ ಕೇಳಿಸಿತೋ ಏನೋ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ತಿರುಗಿ ಬಂದವರು ನನ್ನ ಮೇಲೆ ಹರಿಹಾಯ್ದರು. "ಎಲ್ಲಾರನ್ನೂ ಕುಂಡ್ರಸ್ತೇನಿ ತಗೋರಿ. ಆದ್ರ ಒಂದ ಶನಿವಾರ ತಪ್ಪಿಸಿದ್ರೂ ನಾ ಸುಮ್ನಿರಾಂವಲ್ಲ!"

"ನಾನೂ ಸುಮ್ನಿರಾಕಿ ಅಲ್ರಿ" ಎಂದೆ. ಟಿಸಿ ಪುಸ್ತಕ ಕಪಾಟಿಗೆ ಹೋದಮೇಲೆ ಎದ್ದೆ.

ಈಗ ಅವರೆಲ್ಲ ಹತ್ತನೆಯಲ್ಲಿದ್ದಾರೆ. ಶನಿವಾರಗಳು ನಡೆದಿವೆ. ನನ್ನ ಪ್ರಬಂಧ ನಿಧಾನವಾಗಿದೆ, ಮಾರ್ಗದರ್ಶಕರಿಗೆ ನನ್ನ ಮೇಲೆ ಬೇಸರವಿದೆ, ಇರಲಿ. ಪರೀಕ್ಷೆಯಲ್ಲಿ ಇವರಲ್ಲಿ ಯಾರು ದಾಟುತ್ತಾರೆ, ಯಾರು ದಾಟುವುದಿಲ್ಲ ಎಂದು ನಾನು ಯಾವ ಕಂಪ್ಯೂಟರನ್ನೂ ಕೇಳಿಲ್ಲ.

ಮೊದಲು ಬರುವ ಲೆಕ್ಕ ಮಾಡಿಬಿಡು ಎಂದು ಆ ಹುಡುಗಿಗೆ ಹೇಳಿ ಹೇಳಿ ಸಾಕಾಗಿದೆ. "ಇಲ್ರೀ, ಮೊದಲ ಬರಲಾರದ್ದ ಮಾಡ್ತೇನಿ. ಇಲ್ಲಾಂದ್ರ ಮತ್ತ ಅದನ್ನ ಬಿಟ್ಟಬಿಡ್ತೇನಿ" ಎನ್ನುತ್ತಾಳೆ. ಹಟದಲ್ಲಿ ನನ್ನನ್ನೂ ಮೀರಿಸಿದವಳು. ಹಾಗಾಗಿ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಗಡಿಯಾರ ಎದುರಿಗಿಟ್ಟು, ಅವಳು ಬೇಗ ಬೇಗ ಮಾಡುವುದನ್ನು ಕಲಿಯಲಿ ಎಂದು ಕೂರಿಸುತ್ತೇನೆ. ವಾರದಿಂದ ವಾರಕ್ಕೆ ಖಾಲಿ ಉಳಿಯುವ ಲೆಕ್ಕಗಳು ಕಡಿಮೆಯಾಗಿವೆ.

ಹೋದ ಶನಿವಾರ ಹೊತ್ತು ಮುಗಿಯಿತು ಎಂದಾಗ ಒಂದೇ ಒಂದು ಉಳಿದಿತ್ತು. ತಲೆ ಎತ್ತದೆ, "ತಡೀರಿ" ಎಂದಳು. ಪರೀಕ್ಷೆಯ ಕೋಣೆಯಲ್ಲಿ ಯಾರೂ ಕಾಯುವುದಿಲ್ಲ, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ನಾನು ಕಾದೆ.