ಹಿತ್ತಲ ಲೇತಿನ ಮಾವನವರು

ಹೆಣ್ಣು ನೋಡಲು ಹೋದ ದಿನ ನಾನು ಹೆಣ್ಣಿಗಿಂತ ಮೊದಲು ನೋಡಿದ್ದು ಮಾವನವರ ಮೂಗಿನ ಹೊಳ್ಳೆಗಳನ್ನು. ಎರಡೂ ಒಳಗಡೆ ಕಾಡಿಗೆ ಹಚ್ಚಿದಷ್ಟು ಕಪ್ಪಗಿದ್ದವು. ನಸ್ಯದ ಚಟವಿರಬೇಕು, ಮನೆತನ ಹೇಗೋ ಏನೋ ಎಂದು ನಮ್ಮ ಕಡೆಯ ಹಿರಿಯರು ಮರಳುವ ಬಸ್ಸಿನಲ್ಲಿ ಗಂಭೀರವಾಗಿ ಚರ್ಚಿಸಿದರು. ಅದು ನಸ್ಯವಲ್ಲ, ಬೀಡುಕಬ್ಬಿಣದ ಪುಡಿ ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಆಗ ಬಿಡಿಸಿಕೊಳ್ಳುವ ಕಾಲ ಮೀರಿತ್ತು.

ಐಟಿಐಯಲ್ಲಿ ಹುಡುಗರಿಗೆ ಕೆಲಸ ಕಲಿಸುತ್ತಿದ್ದ ಮಾವನವರು ನ್ಯಾಮತಿಯ ಮನೆಯ ಹಿತ್ತಲಲ್ಲಿ, ಎಮ್ಮೆ ಮಾರಿ ತೆರವಾದ ಕೊಟ್ಟಿಗೆಯಲ್ಲಿ, ಕಬ್ಬಿಣವನ್ನು ಗಿರಗಿರ ತಿರುಗಿಸಿ ಕೊರೆಯುವ ಹಳೆಯ ಲೇತೊಂದನ್ನು ಇಟ್ಟುಕೊಂಡಿದ್ದರು. ಅತ್ತೆಯವರು ಅದನ್ನೂ ಎಮ್ಮೆ ಎಂದೇ ಕರೆಯುತ್ತಿದ್ದರು. "ಎಮ್ಮೆ ಬಿಟ್ಟು ಊಟಕ್ಕೆ ಬರ್ರಿ" ಎಂಬುದು ಆ ಮನೆಯ ಮಧ್ಯಾಹ್ನದ ಗಂಟೆ.

ನಾನು ಶಾಲೆಯಲ್ಲಿ ಕನ್ನಡ ಕಲಿಸಿಕೊಂಡಿದ್ದವನು. ಕಬ್ಬಿಣವೆಂದರೆ ಕಬ್ಬಿಣ ಎಂಬಷ್ಟೇ ನನ್ನ ಪಾಂಡಿತ್ಯ. ಉಕ್ಕು ಕೊರೆದರೆ ಜಿಲೇಬಿಯಂತೆ ಸುರುಳಿ ಬರುತ್ತದೆ, ಬೀಡು ಮಾತ್ರ ಹುರಿಹಿಟ್ಟಿನಂತೆ ಉದುರುತ್ತದೆ, ಅದಕ್ಕೆ ಎಣ್ಣೆ ಸೋಕಿಸಬಾರದು, ಎರಕದ ಮೇಲ್ಚರ್ಮ ಬಲು ಗಟ್ಟಿ, ಹೆದರಿ ಹೆದರಿ ಕೆರೆದರೆ ಉಳಿಯ ಮೊನೆಯೇ ಸವೆಯುವುದರಿಂದ ಮೊದಲ ಏಟಿಗೇ ಚರ್ಮದ ಕೆಳಗೆ ಇಳಿಯಬೇಕು: ಇದೆಲ್ಲ ಅವರನ್ನು ಕಾಡಿ ಕಾಡಿ ತಿಳಿದದ್ದು.

ಬಗೆಹರಿಯದ ಸೋಜಿಗವೆಂದರೆ, ಅವರು ಕೊರೆಯುತ್ತಿದ್ದುದೇ ಅಪರೂಪ. ಬೆಳಗಿನಿಂದ ಕಟ್ಟುತ್ತಲೇ ಇರುತ್ತಿದ್ದರು. ಲೇತಿನ ತಿರುಗುವ ತಟ್ಟೆಗೆ ಎರಕವನ್ನು ಬೋಲ್ಟು ಹಾಕಿ ಬಿಗಿಯುವುದು, ಓರೆಯಾಗಿ ಕೂತಿದೆಯೇ ಎಂದು ಗಡಿಯಾರದಂಥ ಡಯಲ್ ಇಟ್ಟು ಮುಳ್ಳಿನ ಓಲಾಟ ನೋಡುವುದು, ಸಡಿಲಿಸಿ ರಟ್ಟಿನ ಚೂರು ತುರುಕಿ ಮತ್ತೆ ಬಿಗಿಯುವುದು. ಆಮೇಲೆ ಹತ್ತು ನಿಮಿಷದ ಕೊರೆತ. ಕೇಳಿದರೆ, "ಕಟ್ಟೋದು ಮನುಷ್ಯನ ಕೆಲಸ ಅಳಿಯಂದ್ರೆ, ಕೊರೆಯೋದು ಮಿಷನ್ ಕೆಲಸ" ಎನ್ನುತ್ತಿದ್ದರು. ರಟ್ಟಿಗೆಂದು ಅವರು ಕತ್ತರಿಸುತ್ತಿದ್ದುದು ಲಗ್ನಪತ್ರಿಕೆಗಳನ್ನು. ಶ್ರೀಮಂತರ ಪತ್ರಿಕೆ ದಪ್ಪವೆಂಬ ಕಾರಣಕ್ಕೆ ಶ್ರೀಮಂತರ ಮೇಲೆ ಗೌರವವಿತ್ತು. ಮುಹೂರ್ತದ ದಿನಾಂಕ ಓದುವ ಮೊದಲೇ ಕತ್ತರಿ ಆಡಿಸಿ ಎರಡು ಮದುವೆ ತಪ್ಪಿಸಿಕೊಂಡ ಕೀರ್ತಿಯೂ ಇತ್ತು.

ಅವರು ನಿವೃತ್ತರಾಗಿ, ಕಣ್ಣಿನ ಪೊರೆ ತೆಗೆಸಿಕೊಂಡ ವರ್ಷ, ಗೋವಿನಕೋವಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಣ್ಣುಮಗಳೊಬ್ಬರು ಆಟೋದಲ್ಲಿ ಗಿರಣಿಯ ಬೆಲ್ಟು ಓಡುವ ಗಾಲಿಯ, ಎಂದರೆ ಪುಲ್ಲಿಯ, ಹೊಸ ಎರಕ ತಂದರು. ಹಳೆಯದು ಸೀಳಿಹೋಗಿತ್ತು. ಇನ್ನೊಂದು ಹೊಯ್ಯಬೇಕಾದರೆ ತಿಂಗಳಾಗುತ್ತದೆ ಎಂದು ಎರಕದವರು ಹೇಳಿದ್ದರಂತೆ. ಗಿರಣಿ ನಿಂತು ವಾರವಾಗಿತ್ತು. ಜನ ಜೋಳದ ಚೀಲ ಬೈಕಿಗೇರಿಸಿ ನ್ಯಾಮತಿಗೆ ಬರುವುದನ್ನು ರೂಢಿಮಾಡಿಕೊಂಡರೆ ತನ್ನ ಬಾಗಿಲಿಗೆ ಮರಳುವುದಿಲ್ಲವೆಂಬುದು ಅವರ ಭಯ. ನಡುವಿನ ತೂತು ಓರೆಯಾದರೆ ಎರಕ ಗುಜರಿಗೆ. ಆಪರೇಷನ್ ಆದಮೇಲೆ ಮಾವನವರು ಹಿಡಿದ ಮೊದಲ ಕೆಲಸ ಇದೆಂದು ನಾವು ಆ ಹೆಣ್ಣುಮಗಳಿಗೆ ಹೇಳಲಿಲ್ಲ.

ಮಾವನವರು ತಟ್ಟೆಯನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ ಒರೆಸಿಟ್ಟರು. ಉಪ್ಪಿಟ್ಟು ತಿಂದು ಬಂದು ನಾವಿಬ್ಬರೂ ಎರಕವನ್ನು ಅದರ ಮೇಲಿಳಿಸಿ, ಬಿಗಿದು, ಲೇತಿಗೇರಿಸಿದೆವು. ಮುಳ್ಳು ಓಲಾಡಿತು. ರಟ್ಟು ಹಾಕಿದರು, ಓಲಾಡಿತು. ರಟ್ಟು ತೆಗೆದರು, ಆಗಲೂ ಓಲಾಡಿತು. ಎರಡು ತಾಸು ಕಳೆಯಿತು. ಕನ್ನಡಕ ಒರೆಸಿಕೊಂಡರು, ಕೊನೆಗೆ ಮುಳ್ಳು ಓದಲು ನನಗೇ ಹೇಳಿದರು. ನಾನು ಓದಿದ್ದೂ ಅಷ್ಟೇ. ಬೋಲ್ಟಿಗೆ ಸ್ಪ್ಯಾನರ್ ಕೂರಿಸಲು ಎರಡು ಸಲ ತಡಕಾಡಿದರು. ಅಳಿಯನಿಗೆ ತಕ್ಕ ಕರುಣೆಯಿಂದ ನಾನು ಹೇಳಿಬಿಟ್ಟೆ: "ವಯಸ್ಸಾತಲ್ರೀ ಮಾವಾರೆ. ಶಿವಮೊಗ್ಗಕ್ಕೆ ಕಳಿಸಿಬಿಡಾಣ."

ಗಿರಣಿಯವರ ಮುಖ ಬಿಳಿಚಿಕೊಂಡಿತು. ಮಾವನವರು ಒಂದೊಂದೇ ಬೋಲ್ಟು ಬಿಚ್ಚಿ ಎರಕವನ್ನು ಕೆಳಗಿಳಿಸಿದರು. ತಳದಲ್ಲಿ ನುಜ್ಜಾಗಿ ಅಂಟಿಕೊಂಡಿತ್ತು, ಅರಿಸಿನ ಹಚ್ಚಿದ ಒಂದು ಅಕ್ಕಿಕಾಳು.

"ಅಕ್ಷತೆ ಹಾಕಿದ್ರೇನು ತಂಗೆಮ್ಮ?"

"ಹ್ಞೂಂ ಅಣ್ಣಾರೆ. ನೀವು ತಿಂಡಿಗೆ ಹೋದಾಗ. ಒಳ್ಳೇದಾಗ್ಲಿ ಅಂತ ಹಾಕ್ದೆ, ಆಮೇಲೆ ಬೈತೀರಂತ ಊದಿಬಿಟ್ಟೆ."

"ಒಂದು ಕಾಳಿನಷ್ಟು ಜಾಸ್ತಿ ಒಳ್ಳೇದಾಗೈತೆ ನೋಡ್ರಿ."

ಗಿರಣಿಯವರು ಅಳಬೇಕೋ ನಗಬೇಕೋ ತಿಳಿಯದೆ ಸೆರಗನ್ನು ಬಾಯಿಗೆ ಹಿಡಿದರು. ಮತ್ತೆ ಕಟ್ಟಿದಾಗ ಮುಳ್ಳು ಅಲುಗಲಿಲ್ಲ. ಕೊರೆತ ಕಾಲು ತಾಸು. ಪುಲ್ಲಿ ಆಟೋ ಹತ್ತಿ ಹೋದಮೇಲೆ ಮಾವನವರು ಅಂಗೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು: "ವಯಸ್ಸು ಅನ್ನೋದು ಕಟ್ಟಕಡೇಗೆ ಹೇಳೋ ಕಾರಣ ಅಳಿಯಂದ್ರೆ. ಮೊದ್ಲು ಬಿಚ್ಚಿ ನೋಡ್ಬೇಕು."

ಆಮೇಲೆ ಅವರು ಎಡವಿದರೆ ನಾನು ಮೊದಲು ಅವರ ಚಪ್ಪಲಿಯನ್ನು ಪರೀಕ್ಷಿಸಿದೆ. ಕಿವಿ ಕೇಳದೆ ಹೋದಾಗ ಶ್ರವಣಯಂತ್ರದ ಮಾತು ಬಿಟ್ಟು ಕಿವಿಯೊಳಗೆ ಗುಗ್ಗೆ ಹುಡುಕಿದೆ, ಸಿಕ್ಕಿತು ಕೂಡ. ಹೀಗೆ ಅವರ ಲೇತು ಇನ್ನೂ ಆರು ವರ್ಷ ತಿರುಗಿತು.

ಹೋದ ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ರಕ್ತ, ಎದೆ, ಉಸಿರು ಎಲ್ಲವನ್ನೂ ಡಾಕ್ಟರು ನೋಡಿದ್ದಾಗಿತ್ತು. ಕೊನೆಯ ವಾರ ಗಂಜಿಯ ಲೋಟ ಕೈಯಲ್ಲಿ ನಿಲ್ಲದೆ ಜಾರಿತು. ಅಭ್ಯಾಸಬಲದಿಂದ ನಾನು ಲೋಟವನ್ನೆತ್ತಿ, ಜಿಡ್ಡೇನಾದರೂ ಇದೆಯೇ ಎಂದು ತಿರುಗಿಸಿ ನೋಡತೊಡಗಿದೆ. ಮಾವನವರು ನಕ್ಕರು.

"ಎಲ್ಲಾ ಬಿಚ್ಚಿ ನೋಡಿದ್ದಾತು. ಈಗ ಆ ಕಟ್ಟಕಡೇ ಕಾರಣ ಹೇಳ್ಬೌದು ನೀವು."

ನಾನು ಲೋಟ ತೊಳೆದುಕೊಂಡು ಬಂದು ಮತ್ತೆ ಗಂಜಿ ತುಂಬಿದೆ.